ಚಾಸಿಗೆ ದಪ್ಪ ಪ್ಲೇಟ್ ಹಾಕೋ ಮುಂಚೆ

ಮೊದಲು ಒಂದು ಪ್ರಶ್ನೆ ಕೇಳ್ತೀನಿ, ಕೈ ಎತ್ತಿದ್ರೆ ಸಾಕು. ತಿಂಗಳಿಗೊಮ್ಮೆ ಎಂಜಿನ್ ಆಯಿಲ್ ನೋಡೋರು ಯಾರ್ಯಾರು? ಎಲ್ಲರೂ ಎತ್ತಿದ್ರಿ. ಸರಿ, ಈ ವರ್ಷ ಒಂದ್ಸಲ ಆದ್ರೂ ಜೀಪಿನ ಅಡಿಗೆ ಮಲಗಿ ಚಾಸಿಗೆ ಟಾರ್ಚ್ ಬಿಟ್ಟು ನೋಡಿದೋರು? ಮೂರು ಕೈ. ಇದಕ್ಕೋಸ್ಕರಾನೇ ನಾನು ಇವತ್ತು ಈ ವಿಷಯ ಆರಿಸ್ಕೊಂಡಿದ್ದು. ಎಂಜಿನ್ ಹೋದ್ರೆ ಗಾಡಿ ನಿಲ್ಲುತ್ತೆ ಅಷ್ಟೇ, ಸ್ಟೀರಿಂಗ್ ಬಾಕ್ಸ್ ಕೂತಿರೋ ಜಾಗದಲ್ಲಿ ಚಾಸಿ ಹರಿದ್ರೆ ಗಾಡಿ ನಿಲ್ಲಲ್ಲ, ಅದು ಎಲ್ಲಿಗೆ ಬೇಕೋ ಅಲ್ಲಿಗೆ ಹೋಗುತ್ತೆ.

ಚಾಸಿ ಅಂದ್ರೆ ಒಂದು ಏಣಿ. ಎರಡು ಉದ್ದದ ಚಾನಲ್, ನಡುವೆ ಮೆಟ್ಟಿಲಿನ ಹಾಗೆ ಕ್ರಾಸ್ ಮೆಂಬರ್‌ಗಳು. ಬಾಡಿ, ಎಂಜಿನ್, ಗೇರ್ ಬಾಕ್ಸ್, ಚಕ್ರದ ಮೇಲಿನ ಲೀಫ್ ಸ್ಪ್ರಿಂಗ್ ಅಂದ್ರೆ ಕಮಾನ್ ಪಟ್ಟಿ ಎಲ್ಲ ಅದಕ್ಕೇ ನೇತಾಡ್ಕೊಂಡಿರೋದು. ನಮ್ಮಲ್ಲಿ ತೋಟದಲ್ಲಿ ಓಡೋ ಹಳೇ ಜೀಪ್‌ಗಳಲ್ಲಿ ಈ ಉದ್ದದ ಚಾನಲ್ ಬಹುಪಾಲು ಇಂಗ್ಲಿಷ್ ಸಿ ಅಕ್ಷರದ ಹಾಗೆ, ಒಂದು ಬದಿ ತೆರೆದಿರುತ್ತೆ, ತಗಡಿನ ದಪ್ಪ ಸುಮಾರು 3 ಮಿಲಿಮೀಟರ್. ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪ್ ಜೋಡಿಸೋಕೆ ಶುರು ಮಾಡಿದಾಗಿಂದ ಅವರದೇ ಎಂಎಂ 540 ಜೀಪ್ ತನಕ ಈ ಏಣಿ ಲೆಕ್ಕಾಚಾರ ಮೂಲದಲ್ಲಿ ಒಂದೇ. ಬದಲಾಗಿರೋದು ಅದರ ಮೇಲೆ ನಾವು ಹೇರೋ ಭಾರ.

ಕೊಡಗಿನಲ್ಲಿ ಚಾಸಿಗೆ ಏನೇನು ಆಗುತ್ತೆ ನೋಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ, ಭಾಗಮಂಡಲ ಕಡೆ ಅದಕ್ಕಿಂತ ಎಷ್ಟೋ ಜಾಸ್ತಿ. ಮಳೆ ನೀರು ಒಂದೇ ಆಗಿದ್ರೆ ಹರಿದು ಹೋಗ್ತಿತ್ತು, ಆದ್ರೆ ತೋಟದ ಕೆಮ್ಮಣ್ಣು ಚಾನಲ್ ಒಳಗೆ ಮೆತ್ಕೊಂಡು ಒಣಗೋದೇ ಇಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ ಕಬ್ಬಿಣ ನೆನೆದೇ ಇರುತ್ತೆ. ಇದರ ಮೇಲೆ ನಾವು ಗೊಬ್ಬರ ಸಾಗಿಸ್ತೀವಿ. ಪೊಟ್ಯಾಷ್ ಅಂತ ನಾವು ಹಾಕೋದು ಬಹುತೇಕ ಪೊಟ್ಯಾಸಿಯಂ ಕ್ಲೋರೈಡ್, ಅಂದ್ರೆ ಉಪ್ಪಿನ ಜಾತಿ. ಕಡಲ ಕಡೆ ಗಾಡಿಗಳು ಯಾಕೆ ಬೇಗ ಕೊಳೆಯುತ್ತೆ ಅಂತ ಎಲ್ಲರಿಗೂ ಗೊತ್ತು, ಅದೇ ಕೆಲಸ ಒಡೆದ ಪೊಟ್ಯಾಷ್ ಚೀಲ ನಿಮ್ಮ ಪಿಕಪ್ ಹಿಂದೆ ಮಾಡ್ತಾ ಇರುತ್ತೆ. ಆಮೇಲೆ ಬೋರ್ಡೋ, ಅಂದ್ರೆ ಮೈಲುತುತ್ತ ಮತ್ತೆ ಸುಣ್ಣ ಕಲಸಿ ಗಿಡಕ್ಕೆ ಹೊಡೆಯೋ ಔಷಧಿ. ಸುಣ್ಣ ಸರಿಯಾಗಿ ಬಿದ್ದಿದ್ರೆ ಅಷ್ಟು ತೊಂದರೆ ಇಲ್ಲ, ಆದ್ರೆ ಬರೀ ಮೈಲುತುತ್ತದ ನೀರು ಡ್ರಮ್‌ನಿಂದ ಚೆಲ್ಲಿದ್ರೆ ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂರುತ್ತೆ. ನೀವು ಕತ್ತಿ ಅದ್ದಿ ಪರೀಕ್ಷೆ ಮಾಡ್ತೀರಲ್ಲ, ಸುಣ್ಣ ಸಾಕಾ ಸಾಲದಾ ಅಂತ, ಕತ್ತಿ ಮೇಲೆ ಕೆಂಪು ಬಣ್ಣ ಬಂದ್ರೆ ಇನ್ನೂ ಸುಣ್ಣ ಬೇಕು ಅಂತ, ಅದೇ ರಸಾಯನ ಇದು. ತಾಮ್ರ ಕೂತ ಜಾಗದಲ್ಲಿ ಕಬ್ಬಿಣ ಕರಗಿ ಹೋಗಿರುತ್ತೆ. ಹಾಗಾಗಿ ಗೊಬ್ಬರ, ಬೋರ್ಡೋ ಸಾಗಿಸಿದ ದಿನ ಸಂಜೆ ಪೈಪಲ್ಲಿ ಒಳ್ಳೇ ನೀರು ಹಿಡಿದು ಚಾಸಿ ಒಳಭಾಗ ತೊಳೀರಿ, ಹತ್ತು ನಿಮಿಷದ ಕೆಲಸ. ನಾವೆಲ್ಲ ಕೈಲ್‌ಪೋಳ್ದ್‌ಗೋ ಆಯುಧ ಪೂಜೆಗೋ ಜೀಪ್ ತೊಳೆದು ಹೂವು ಹಾಕ್ತೀವಿ, ಬಾನೆಟ್ ಫಳಫಳ ಅನ್ನುತ್ತೆ, ಅಡಿಗೆ ಆ ದಿನವೂ ಯಾರೂ ಬಗ್ಗಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರು.

ತುಕ್ಕು ಒಂದು ಕಡೆ. ಇನ್ನೊಂದು ತಿರುಚು. ಮಾಂದಲಪಟ್ಟಿ ದಾರಿ ಥರದ ಕಡೆ ಮುಂದಿನ ಎಡ ಚಕ್ರ ಕಲ್ಲಿನ ಮೇಲೆ, ಹಿಂದಿನ ಬಲ ಚಕ್ರ ಇನ್ನೊಂದು ಕಲ್ಲಿನ ಮೇಲೆ, ಉಳಿದೆರಡು ಗುಂಡಿಯಲ್ಲಿ. ಒದ್ದೆ ಬಟ್ಟೆ ಹಿಂಡಿದ ಹಾಗೆ ಚಾಸಿ ಹಿಂಡ್ಕೊಳ್ಳುತ್ತೆ. ಸಿ ಚಾನಲ್ ಅದಕ್ಕೆ ಬಗ್ಗಿಕೊಡುತ್ತೆ, ಹಾಗೆ ಬಗ್ಗಿಕೊಡಲಿ ಅಂತಾನೇ ಮಾಡಿರೋದು. ಇದನ್ನ ಮಾತಲ್ಲಿ ಹೇಳೋದಕ್ಕಿಂತ ತೋರಿಸ್ತೀನಿ. ನನ್ನ ಕೈಲಿರೋದು ಒಂದೇ ಬಿದಿರಿನ ಎರಡು ತುಂಡು. ಒಂದು ಹಾಗೇ ಇದೆ, ಇನ್ನೊಂದಕ್ಕೆ ಉದ್ದಕ್ಕೆ ಒಂದು ಬದಿ ಸೀಳಿದೀನಿ. ಸೀಳಿದ್ದನ್ನ ತಿರುಚಿ ನೋಡಿ, ಸೀಳಿನ ಎರಡು ಅಂಚು ಒಂದರ ಪಕ್ಕ ಒಂದು ಜಾರುತ್ತೆ, ಮಗು ಕೂಡ ತಿರುಚಬಹುದು. ಇನ್ನೊಂದನ್ನ ಯಾರು ಬೇಕಾದ್ರೂ ತಿರುಚಿ, ಆಗಲ್ಲ. ಬಿದಿರು ಅದೇ, ದಪ್ಪ ಅದೇ. ಕಬ್ಬಿಣದಲ್ಲೂ ಹೀಗೇನೇ. 100ಕ್ಕೆ 50 ಅಳತೆಯ 3 ಮಿಲಿಮೀಟರ್ ಸಿ ಚಾನಲ್‌ಗೆ ತೆರೆದ ಬದಿಗೆ ಅದೇ ದಪ್ಪದ ಪ್ಲೇಟ್ ಪೂರ್ತಿ ಮುಚ್ಚಿ ಬಾಕ್ಸ್ ಮಾಡಿದ್ರೆ ಆ ತುಂಡು ತಿರುಚಿಗೆ ಕೊಡೋ ತಡೆ ಲೆಕ್ಕದ ಪ್ರಕಾರ 400 ಪಟ್ಟಿಗಿಂತ ಜಾಸ್ತಿ ಆಗುತ್ತೆ. ಹೌದು, 400.

ಇದನ್ನ ಕೇಳಿದ ತಕ್ಷಣ ಎಲ್ಲರಿಗೂ ಅನ್ನಿಸೋದು, ಹಾಗಾದ್ರೆ ಉದ್ದಕ್ಕೂ ಬಾಕ್ಸ್ ಮಾಡಿಬಿಡೋಣ ಅಂತ. ಅಲ್ಲೇ ತಪ್ಪೋದು, ನಾನೂ ಅಲ್ಲೇ ತಪ್ಪಿದ್ದು. ಅದನ್ನ ಪೂರ್ತಿ ಹೇಳ್ತೀನಿ.

ನನ್ನ ಎಂಎಂ 540ಗೆ ಪವರ್ ಸ್ಟೀರಿಂಗ್ ಹಾಕಿಸಿದೆ. ತೋಟದ ಇಳಿಜಾರಲ್ಲಿ ಕೈ ನೋವು ಅಂತ. ಕೈಯಲ್ಲಿ ತಿರುಗಿಸೋವಾಗ ಚಕ್ರ ಕಲ್ಲಿಗೆ ಸಿಕ್ಕಿದ್ರೆ ನಾವು ಬಿಟ್ಟುಬಿಡ್ತೀವಿ, ಕೈ ಸೋಲುತ್ತೆ. ಪಂಪ್ ಸೋಲಲ್ಲ, ಅದು ನೂಕ್ತಾನೇ ಇರುತ್ತೆ, ಚಕ್ರ ತಿರುಗಿಲ್ಲ ಅಂದ್ರೆ ಆ ಬಲ ವಾಪಸ್ ಬಂದು ಸ್ಟೀರಿಂಗ್ ಬಾಕ್ಸ್ ಕೂತಿರೋ ಬಲಗಡೆ ಚಾನಲ್‌ನ ಎಳೆಯುತ್ತೆ. ಒಂದು ಮಳೆಗಾಲ ಕಳೆಯೋದ್ರೊಳಗೆ ಬೋಲ್ಟ್ ತೂತಿನಿಂದ ಕೆಳಗಡೆಗೆ ಕೂದಲಿನ ಹಾಗೆ ಬಿರುಕು. ಒಂದು ವರ್ಕ್‌ಶಾಪ್‌ಗೆ ಕೊಂಡೋದೆ, ಅವರು ಬಿರುಕಿನ ಮೇಲೆ ಒಂದು ಲೈನ್ ವೆಲ್ಡ್ ಎಳೆದು ಅದರ ಮೇಲೆ 6 ಮಿಲಿಮೀಟರ್ ಪ್ಲೇಟ್ ಚೌಕಾಕಾರ ಕತ್ತರಿಸಿ ನಾಲ್ಕೂ ಕಡೆ ಸುತ್ತ ವೆಲ್ಡ್ ಮಾಡಿದ್ರು. ನೋಡೋಕೆ ಕಲ್ಲಿನ ಹಾಗಿತ್ತು, ನನಗೂ ಖುಷಿಯಾಯ್ತು, ದುಡ್ಡು ಕೊಟ್ಟು ಬಂದೆ. ಆರು ತಿಂಗಳಲ್ಲಿ ಆ ಪ್ಲೇಟ್ ಎಲ್ಲಿ ಮುಗಿಯುತ್ತೋ ಸರಿಯಾಗಿ ಆ ಗೆರೆಯಲ್ಲೇ, ಮೇಲಿಂದ ಕೆಳಗೆ ಸ್ಕೇಲ್ ಇಟ್ಟು ಕುಯ್ದ ಹಾಗೆ ಚಾನಲ್ ಹರಿದಿತ್ತು. ಪ್ಲೇಟ್‌ಗೆ ಏನೂ ಆಗಿಲ್ಲ, ಅದು ಇವತ್ತಿಗೂ ನನ್ನ ಹತ್ರ ಇದೆ.

ಯಾಕೆ ಹಾಗಾಯ್ತು ಅಂದ್ರೆ, 3 ಮಿಲಿಮೀಟರ್ ತಗಡಿನಲ್ಲಿ ಸಲೀಸಾಗಿ ಹರ್ಕೊಂಡು ಬರ್ತಿದ್ದ ಬಲ ಇದ್ದಕ್ಕಿದ್ದ ಹಾಗೆ 9 ಮಿಲಿಮೀಟರ್ ಗೋಡೆಗೆ ಬಂದು ಗುದ್ದುತ್ತೆ. ಮೊದಲು ಎರಡು ಅಡಿ ಉದ್ದಕ್ಕೆ ಹಂಚಿ ಬಗ್ಗುತ್ತಿದ್ದದ್ದು ಈಗ ಒಂದು ಗೆರೆಯಲ್ಲಿ ಬಗ್ಗಬೇಕು, ಅದೂ ವೆಲ್ಡ್ ಶಾಖಕ್ಕೆ ಗುಣ ಕೆಟ್ಟಿರೋ ಗೆರೆ. ತಂತಿ ಮುರಿಯೋಕೆ ನಾವೇನು ಮಾಡ್ತೀವಿ, ಕಟ್ಟಿಂಗ್ ಪ್ಲೇಯರ್‌ನಲ್ಲಿ ಒಂದು ಕಡೆ ಬಿಗಿಯಾಗಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸ್ತೀವಿ, ಪ್ಲೇಯರ್ ಬಾಯಿ ಹತ್ರ ಮುರಿಯುತ್ತೆ. ಆ ದಪ್ಪ ಪ್ಲೇಟ್ ಮಾಡಿದ್ದು ಪ್ಲೇಯರ್ ಕೆಲಸ. ಹಾಗಾಗಿ ಚಾಸಿ ಗಟ್ಟಿ ಮಾಡೋದು ಅಂದ್ರೆ ಅಲ್ಲಿ ಕಬ್ಬಿಣ ಜಾಸ್ತಿ ಮಾಡೋದಲ್ಲ, ಬಲ ಹೋಗೋ ದಾರಿಯಲ್ಲಿ ಎಲ್ಲೂ ಮೆಟ್ಟಿಲು ಇಲ್ಲದ ಹಾಗೆ ಮಾಡೋದು. ನಾನು ಇವತ್ತು ಮುಂದೆ ಏನೇ ಹೇಳಿದ್ರೂ ಇದೇ ಲೆಕ್ಕದ ಮೇಲೆ.

ಈಗ ಪರೀಕ್ಷೆ. ಮಳೆ ನಿಂತ ಮೇಲೆ ಅಥವಾ ಮೇ ತಿಂಗಳಲ್ಲಿ ಮಾಡಿ. ಗಾಡಿ ಸಮ ನೆಲದ ಮೇಲೆ, ಕಾಫಿ ಕಣ ಇದ್ದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಲ್ಲದಿದ್ರೆ ಮರದ ದಿಮ್ಮಿ ಕೊಟ್ಟು ಆಮೇಲೆ ಅಡಿಗೆ ಹೋಗಿ. ತೊಳೆದು ಒಣಗಿಸಿ ವೈರ್ ಬ್ರಶ್ ಹಾಕಿ ಸಣ್ಣ ಸುತ್ತಿಗೆಯಲ್ಲಿ ಒಂದೊಂದು ಗೇಣಿಗೆ ತಟ್ಟುತ್ತಾ ಬನ್ನಿ. ಒಳ್ಳೇ ಕಬ್ಬಿಣ ಟಣ್ ಅನ್ನುತ್ತೆ, ಕೊಳೆತದ್ದು ಹಲಸಿನ ಹಣ್ಣು ತಟ್ಟಿದ ಹಾಗೆ ಡೊಬ್ ಅನ್ನುತ್ತೆ. ಡೊಬ್ ಅಂದ ಕಡೆ ಹಳೇ ಸ್ಕ್ರೂ ಡ್ರೈವರ್ ಇಟ್ಟು ಒತ್ತಿ, ಒಳಗೆ ಇಳಿದ್ರೆ ಅಲ್ಲಿ ಕಬ್ಬಿಣ ಇಲ್ಲ, ಬರೀ ಪೇಂಟ್ ಮತ್ತೆ ತುಕ್ಕು ಇರೋದು. ರಿವೆಟ್ ಸುತ್ತ ಕೆಂಪಗೆ ಕುಂಕುಮ ಇಟ್ಟ ಹಾಗೆ ಪುಡಿ ಕಂಡ್ರೆ ಆ ರಿವೆಟ್ ಒಳಗೆ ಅಲ್ಲಾಡ್ತಿದೆ ಅಂತ ಅರ್ಥ, ತಲೆ ಗಟ್ಟಿಯಾಗಿ ಕಂಡ್ರೂ ನಂಬಬೇಡಿ.

ಬಿರುಕು ಹುಡುಕೋಕೆ ನಮ್ಮ ಹಳೇ ಮೇಸ್ತ್ರಿಗಳ ವಿಧಾನ ಇದೆಯಲ್ಲ, ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ ಚಾಕ್‌ಪೀಸ್ ಪುಡಿ ಉದುರಿಸೋದು, ಬಿರುಕಿನಲ್ಲಿ ಕೂತಿರೋ ಎಣ್ಣೆ ನಿಧಾನಕ್ಕೆ ಪುಡಿಯಲ್ಲಿ ಗೆರೆ ಮೂಡಿಸುತ್ತೆ. ಈಗ ಅಂಗಡಿಯಲ್ಲಿ ಸಿಗೋ ಕೆಂಪು ಬಣ್ಣದ ಸ್ಪ್ರೇ, ಅದರ ಮೇಲೆ ಬಿಳಿ ಡೆವಲಪರ್ ಸ್ಪ್ರೇ, ಅದೂ ಇದೇ ತತ್ವ, ಇನ್ನೂ ಸೂಕ್ಷ್ಮ ಅಷ್ಟೇ. ಎಲ್ಲೆಲ್ಲಿ ನೋಡಬೇಕು ಅಂದ್ರೆ ಸ್ಟೀರಿಂಗ್ ಬಾಕ್ಸ್ ಸುತ್ತ, ಕಮಾನ್ ಪಟ್ಟಿಯ ತುದಿ ಚಾಸಿಗೆ ಸೇರೋ ಶಾಕಲ್ ಬ್ರಾಕೆಟ್ ಹತ್ರ, ಎಂಜಿನ್ ಮೌಂಟ್, ಗೇರ್ ಬಾಕ್ಸ್ ಕ್ರಾಸ್ ಮೆಂಬರ್‌ನ ಎರಡು ತುದಿ, ಶಾಕ್ ಅಬ್ಸಾರ್ಬರ್ ಬ್ರಾಕೆಟ್. ಬೇರೆ ಎಂಜಿನ್ ಕೂರಿಸಿದ ಜೀಪ್ ಆದ್ರೆ ಮೌಂಟ್ ಹತ್ರ ಎರಡು ಸಲ ನೋಡಿ, ಭಾರ ಜಾಸ್ತಿ, ನಡುಕವೂ ಜಾಸ್ತಿ, ಮೌಂಟ್‌ನ ಯಾರೋ ಗ್ಯಾಸ್ ಕಟ್ಟಿಂಗ್‌ನಲ್ಲಿ ಕತ್ತರಿಸಿ ಅಂಟಿಸಿರ್ತಾರೆ.

ವೆಲ್ಡಿಂಗ್ ಮಷೀನ್ ಆನ್ ಮಾಡೋ ಮುಂಚೆ ಚಾಸಿ ಸೊಟ್ಟ ಇದೆಯಾ ನೋಡಲೇಬೇಕು. ಸೊಟ್ಟ ಇರೋವಾಗ ಪ್ಲೇಟ್ ಹಾಕಿದ್ರೆ ಸೊಟ್ಟವನ್ನೇ ಪರ್ಮನೆಂಟ್ ಮಾಡಿದ ಹಾಗೆ. ಗಾರೆಯವರ ತೂಕದ ಗುಂಡು ತಗೊಳ್ಳಿ, ಎರಡೂ ಚಾನಲ್‌ನಲ್ಲಿ ಒಂದಕ್ಕೊಂದು ಸರಿಸಮ ಇರೋ ಜಾಗ ಆರಿಸಿ, ಫ್ಯಾಕ್ಟರಿಯವರು ಮಾಡಿರೋ ತೂತುಗಳೇ ಒಳ್ಳೇದು, ಅಲ್ಲಿಂದ ಗುಂಡು ಇಳಿಸಿ ನೆಲದ ಮೇಲೆ ಗುರುತು ಮಾಡಿ. ನಾಲ್ಕು ಗುರುತು ಆದ ಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡೀರಿ. ಎರಡೂ ಅಳತೆ ಒಂದೇ ಇರಬೇಕು. 3 ಮಿಲಿಮೀಟರ್ ವ್ಯತ್ಯಾಸ ಇದ್ರೆ ನಾನು ಮುಂದುವರೀತೀನಿ, 6 ದಾಟಿದ್ರೆ ನಿಲ್ಲಿಸಿ ಮೊದಲು ಎಳೆದು ನೇರ ಮಾಡಿಸ್ತೀನಿ. ಕೆಂಪಗೆ ಕಾಯಿಸಿ ಬಡಿದು ನೇರ ಮಾಡ್ತೀವಿ ಅಂದೋರ ಹತ್ರ ಬಿಡಬೇಡಿ, ಚೈನ್ ಮತ್ತೆ ಹೈಡ್ರಾಲಿಕ್ ಜಾಕ್‌ನಲ್ಲಿ ತಣ್ಣಗೇ ಎಳೀಬೇಕು.

ಆಮೇಲೆ ಬಿರುಕು ತುಂಬೋದು. ಬಿರುಕಿನ ತುದಿ ಕಣ್ಣಿಗೆ ಕಾಣೋ ಜಾಗದಲ್ಲಿ ಇರಲ್ಲ, ಸ್ವಲ್ಪ ಮುಂದೆ ಇರುತ್ತೆ. ಆ ತುದಿ ಹುಡುಕಿ 4-5 ಮಿಲಿಮೀಟರ್ ಡ್ರಿಲ್‌ನಲ್ಲಿ ಒಂದು ತೂತು ಮಾಡಿ. ಹರಿಯೋ ಬಟ್ಟೆಗೆ ದರ್ಜಿ ತುದಿಯಲ್ಲಿ ಒಂದು ಗಂಟು ಹಾಕ್ತಾನಲ್ಲ, ಹಾಗೆ, ಚೂಪಾದ ತುದಿ ದುಂಡಗಾದ್ರೆ ಬಿರುಕು ಮುಂದೆ ಹೋಗೋಕೆ ಕಷ್ಟ. ಆಮೇಲೆ ಗ್ರೈಂಡರ್‌ನಲ್ಲಿ ಬಿರುಕಿನ ಉದ್ದಕ್ಕೂ ವಿ ಆಕಾರದ ಕಾಲುವೆ ತೆಗೀಬೇಕು, ಹಿಂದುಗಡೆ ತಾಮ್ರದ ಪಟ್ಟಿ ಒತ್ತಿ ಹಿಡಿದ್ರೆ ವೆಲ್ಡ್ ಅದಕ್ಕೆ ಅಂಟಲ್ಲ, ಬೇರು ತನಕ ತುಂಬುತ್ತೆ. ಮೇಲೆ ಮೇಲೆ ಲೈನ್ ಎಳೆದ್ರೆ ಒಳಗಿನ ಬಿರುಕು ಹಾಗೇ ಬದುಕಿರುತ್ತೆ, ನನ್ನ ಗಾಡಿಗೆ ಮೊದಲನೇ ಸಲ ಆಗಿದ್ದು ಅದೂ ಒಂದು. ತುಂಬಿದ ಮೇಲೆ ಸಮ ಮಾಡಿ, ಗ್ರೈಂಡರ್ ಗೀರು ಚಾನಲ್‌ನ ಉದ್ದಕ್ಕೆ ಇರಬೇಕು, ಅಡ್ಡ ಗೀರು ಹೊಸ ಬಿರುಕಿಗೆ ಬೀಜ.

ಪ್ಲೇಟ್ ಚಾಸಿಯಷ್ಟೇ ದಪ್ಪ, 3ಕ್ಕೆ 3. ಆಕಾರ ಚೌಕ ಬೇಡ, ಎರಡೂ ತುದಿ ಮಾವಿನ ಎಲೆ ಹಾಗೆ ಸಣ್ಣಗಾಗ್ತಾ ಹೋಗಲಿ, ಆಗ ಬಲ ನಿಧಾನಕ್ಕೆ ಪ್ಲೇಟ್‌ಗೆ ಹತ್ತಿ ನಿಧಾನಕ್ಕೆ ಇಳಿಯುತ್ತೆ. ಉದ್ದುದ್ದ ವೆಲ್ಡ್ ಹಾಕಿ, ಮೇಲಿಂದ ಕೆಳಗೆ ಅಡ್ಡ ವೆಲ್ಡ್ ಹಾಕಬೇಡಿ. ಪ್ಲೇಟ್ ನಡುವೆ 12 ಮಿಲಿಮೀಟರ್ ತೂತು ಮಾಡಿ ಅದರೊಳಗೆ ವೆಲ್ಡ್ ತುಂಬಿದ್ರೆ ಮಧ್ಯವೂ ಹಿಡ್ಕೊಳ್ಳುತ್ತೆ. ಒಂದೇ ಸಲ ಪೂರ್ತಿ ಎಳೆದ್ರೆ ಶಾಖಕ್ಕೆ ಚಾನಲ್ ಬಾಳೆ ಹಣ್ಣಿನ ಹಾಗೆ ಬಗ್ಗುತ್ತೆ, ಆದ್ದರಿಂದ ಒಂದೊಂದು ಇಂಚು, ಈ ತುದಿ ಒಂದು, ಆ ತುದಿ ಒಂದು, ಮುಟ್ಟಿದ್ರೆ ಬೆಚ್ಚಗಿರೋ ತನಕ ಬಿಟ್ಟು ಮತ್ತೆ. ನೀರು ಹುಯ್ದು ತಣ್ಣಗೆ ಮಾಡೋ ಅಭ್ಯಾಸ ದಯವಿಟ್ಟು ಬಿಡಿ.

ಇನ್ನೊಂದು, ಸಿ ಚಾನಲ್‌ನ ಮೇಲಿನ ಕೆಳಗಿನ ಮಡಚಿದ ಅಂಚು ಇದೆಯಲ್ಲ, ಅದಕ್ಕೆ ತೂತು ಮಾಡಬೇಡಿ, ಬಾಕ್ಸ್ ಮಾಡೋ ಜಾಗ ಬಿಟ್ಟು ಬೇರೆಲ್ಲೂ ಅದರ ತುದಿಗೆ ವೆಲ್ಡ್ ತಾಗಿಸಬೇಡಿ. ಎರಡು ಆಕ್ಸೆಲ್ ನಡುವೆ ಭಾರ ಬಿದ್ದಾಗ ಕೆಳಗಿನ ಅಂಚು ಎಳೆತಕ್ಕೆ ಸಿಗುತ್ತೆ. ಪಿಕಪ್‌ನಲ್ಲಿ ಹಿಂದಿನ ಆಕ್ಸೆಲ್‌ಗಿಂತ ಹಿಂದಕ್ಕೆ 50 ಕೆಜಿ ಕಾಫಿ ಮೂಟೆಗಳನ್ನ ಪೇರಿಸಿದ್ರೆ ಉಲ್ಟಾ, ಮೇಲಿನ ಅಂಚಿಗೆ ಎಳೆತ. ಬಿರುಕು ಯಾವಾಗಲೂ ಎಳೆತ ಇರೋ ಕಡೆಯಿಂದಲೇ ಬಾಯಿ ತೆರೆಯೋದು. ಬ್ರೇಕ್ ಪೈಪ್ ಕ್ಲಿಪ್‌ಗೋ ವೈರಿಂಗ್‌ಗೋ ತೂತು ಬೇಕೇ ಬೇಕು ಅಂದ್ರೆ ಚಾನಲ್‌ನ ನಡು ಎತ್ತರದಲ್ಲಿ ಮಾಡಿ, ಅಲ್ಲಿ ಒತ್ತಡ ಕಡಿಮೆ.

ವೆಲ್ಡಿಂಗ್ ರಾಡ್ ವಿಷಯ ಸ್ವಲ್ಪ ಹೊತ್ತು ಮಾತಾಡ್ತೀನಿ, ಯಾಕಂದ್ರೆ ಇದು ನಮ್ಮ ಊರಿನದೇ ಸಮಸ್ಯೆ. ಎಲ್ಲ ಅಂಗಡಿಯಲ್ಲೂ ಸಿಗೋದು 6013 ನಂಬರಿನ ರಾಡ್, ಗೇಟ್, ಗ್ರಿಲ್‌ಗೆ ಚೆನ್ನಾಗಿದೆ. ಚಾಸಿಗೆ ನಾನು ಕೇಳೋದು 7018. ಅದರ ಗುಣವೇ ವೆಲ್ಡ್ ಒಳಗೆ ಹೈಡ್ರೋಜನ್ ಕಡಿಮೆ ಬಿಡೋದು, ಹೈಡ್ರೋಜನ್ ಸೇರಿದ್ರೆ ವೆಲ್ಡ್ ಆರಿದ ಮೇಲೆ ಒಳಗೊಳಗೇ ಸೀಳು ಬಿಡುತ್ತೆ. ಆದ್ರೆ ಹೈಡ್ರೋಜನ್ ಬರೋದು ತೇವದಿಂದ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಉಪ್ಪಿನ ಡಬ್ಬಿ ಹೇಗೆ ನೀರಾಗುತ್ತೆ, ರಾಡ್‌ನ ಮೇಲಿನ ಲೇಪವೂ ಹಾಗೇ ಗಾಳಿಯಿಂದ ನೀರು ಕುಡಿಯುತ್ತೆ. 7018 ಪ್ಯಾಕೆಟ್ ಒಡೆದ ಮೇಲೆ ಸುಮಾರು 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನ ರಾಡ್ ಓವನ್‌ನಲ್ಲಿ ಸುಮಾರು 300 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸದೆ ಮತ್ತೆ ಹಚ್ಚಬಾರದು. ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದೀನಿ ಅಂತ ಹೇಳೋರಿದ್ದಾರೆ, 6013ಗೆ ಅದು ಪರವಾಗಿಲ್ಲ, 7018ಗೆ ಆ ಬಿಸಿ ಏನೇನೂ ಸಾಲಲ್ಲ. ಚಾಸಿ ಮೇಲೂ ತೇವ ಕೂತಿರುತ್ತೆ, ಗ್ಯಾಸ್ ಟಾರ್ಚ್‌ನಲ್ಲಿ ಕೈಗೆ ಬೆಚ್ಚಗೆ ಅನ್ನಿಸೋ ಅಷ್ಟು ಕಾಯಿಸಿ ಆರಿಸಿ ಆಮೇಲೆ ಶುರು ಮಾಡಿ. ಗ್ಯಾಸ್ ಬಿಡ್ತಾ ತಂತಿಯಲ್ಲಿ ವೆಲ್ಡ್ ಮಾಡೋ ಮಿಗ್ ಮಷೀನ್ ಇದ್ದರೆ 3 ಮಿಲಿಮೀಟರ್ ತಗಡಿಗೆ ತುಂಬಾ ಒಳ್ಳೇದು, ಆದ್ರೆ ಬೀಸೋ ಗಾಳಿಗೆ ಗ್ಯಾಸ್ ಹಾರಿ ಹೋಗಿ ವೆಲ್ಡ್ ಜೇನುಗೂಡಿನ ಹಾಗಾಗುತ್ತೆ, ಟಾರ್ಪಾಲ್ ಕಟ್ಟಿ. ಮಡಿಕೇರಿ ದಸರಾ ಮಂಟಪಗಳಿಗೆ ಕಬ್ಬಿಣದ ಕೆಲಸ ಮಾಡೋ ಹುಡುಗರ ಕೈ ನೋಡಿದೀರಾ, ಅಷ್ಟು ದೊಡ್ಡ ಮೂರ್ತಿ ಟ್ರ್ಯಾಕ್ಟರ್ ಮೇಲೆ ಇಡೀ ರಾತ್ರಿ ಅಲ್ಲಾಡ್ತಾ ಹೋಗುತ್ತೆ, ಒಂದು ಜಾಯಿಂಟ್ ಬಿಡಲ್ಲ. ಕೌಶಲ ನಮ್ಮೂರಲ್ಲೇ ಇದೆ, ಅವರಿಗೆ ಸರಿಯಾದ ರಾಡ್ ಮತ್ತೆ ಸಮಯ ಕೊಡಿ ಅಂತ ನಾನು ಕೇಳ್ಕೊಳ್ಳೋದು. ಅರ್ಧ ಗಂಟೆಯಲ್ಲಿ ಮುಗಿಸಿಕೊಡಿ ಅಂತ ನಿಂತ್ಕೊಂಡು ಅವಸರ ಮಾಡೋರು ನಾವೇ.

ಜಾಗ್ರತೆ ಮಾತು ಬೇಗ ಹೇಳ್ತೀನಿ. ಬ್ಯಾಟರಿ ಕನೆಕ್ಷನ್ ತೆಗೀರಿ, ಡೀಸೆಲ್ ಟ್ಯಾಂಕ್ ಎಲ್ಲೇ ಇರಲಿ ಇಳಿಸಿ, ಬ್ರೇಕ್ ಪೈಪ್, ವೈರಿಂಗ್ ಪಕ್ಕಕ್ಕೆ ಸರಿಸಿ, ಅರ್ತ್ ಕ್ಲ್ಯಾಂಪ್ ವೆಲ್ಡ್ ಮಾಡೋ ಜಾಗದ ಪಕ್ಕದಲ್ಲೇ ಹಾಕಿ, ಇಲ್ಲಾಂದ್ರೆ ಕರೆಂಟು ಬೇರಿಂಗ್ ಒಳಗಿಂದ ದಾರಿ ಹುಡ್ಕೊಂಡು ಹೋಗಿ ಅದನ್ನ ಹಾಳು ಮಾಡುತ್ತೆ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಿ ಅಲ್ಲೇ ಆರ್ಕ್ ಹಚ್ಚಿದ್ರೆ ಫಾಸ್ಜೀನ್ ಅನ್ನೋ ವಿಷಾನಿಲ ಬರುತ್ತೆ, ಅದು ಜೀವ ತೆಗೆಯೋ ವಿಷ, ಅದನ್ನ ವೆಲ್ಡಿಂಗ್ ಹತ್ರ ತರಲೇಬೇಡಿ.

ಸಡಿಲ ರಿವೆಟ್‌ಗೆ ತಲೆ ಮೇಲೆ ವೆಲ್ಡ್ ಹಾಕೋದು ನೋಡಿದೀನಿ, ಪ್ರಯೋಜನ ಇಲ್ಲ. ರಿವೆಟ್ ತೆಗೆದು ತೂತು ದುಂಡಗೆ ಮಾಡಿ, ಬಿಗಿಯಾಗಿ ಕೂರೋ ಅಳತೆಯ 8.8 ಅಥವಾ 10.9 ಗ್ರೇಡ್ ಬೋಲ್ಟ್ ಹಾಕಿ. ಗ್ರೇಡ್ ಬೋಲ್ಟ್ ತಲೆ ಮೇಲೇ ಬರೆದಿರುತ್ತೆ.

ಈಗ ಬಾಕ್ಸ್ ಮಾಡೋ ವಿಷಯಕ್ಕೆ ವಾಪಸ್ ಬರ್ತೀನಿ. ಎಲ್ಲಿ ಬಾಕ್ಸ್ ಮಾಡಬೇಕು? ಸ್ಟೀರಿಂಗ್ ಬಾಕ್ಸ್ ಹತ್ರ, ಶಾಕಲ್ ಬ್ರಾಕೆಟ್ ಹತ್ರ, ಅಷ್ಟೇ. ನಡುವಿನ ಉದ್ದ ಹಾಗೇ ಬಿಡಿ, ಅಲ್ಲಿ ಬಗ್ಗಲಿ. ಪೂರ್ತಿ ಮುಚ್ಚಿದ್ರೆ ಚಾನಲ್ ತಿರುಚಲ್ಲ ನಿಜ, ಆದ್ರೆ ಆ ತಿರುಚು ಎಲ್ಲಿ ಹೋಗಬೇಕು, ಕ್ರಾಸ್ ಮೆಂಬರ್‌ನ ಜಾಯಿಂಟ್‌ಗಳಿಗೆ ಹೋಗುತ್ತೆ, ಅವು ಒಂದೊಂದಾಗಿ ಬಿಡುತ್ತೆ. ನನ್ನ ಎರಡನೇ ತಪ್ಪು ಬೇರೆ. ಹರಿದ ಜಾಗ ಸರಿಮಾಡಿಸಿ, ಮುಂದಿನ ಎರಡಡಿ ಬಾಕ್ಸ್ ಮಾಡಿಸಿದೆ, ವೆಲ್ಡ್ ಎಲ್ಲ ಚೊಕ್ಕ, ನೀರು ಹೋಗೋಕೆ ದಾರಿ ಬಿಟ್ಟಿಲ್ಲ. ಮೂರು ಮಳೆಗಾಲ ಆದ ಮೇಲೆ ಸುತ್ತಿಗೆ ತಟ್ಟಿದ್ರೆ ಡೊಬ್. ಕುಯ್ದು ನೋಡಿದ್ರೆ ಒಳಗೆ ಒಂದು ಬೊಗಸೆ ಕೆಮ್ಮಣ್ಣು, ಇನ್ನೂ ಒದ್ದೆ, ಮಣ್ಣು ಕೂತ ಎತ್ತರಕ್ಕೆ ಸರಿಯಾಗಿ ಕಬ್ಬಿಣ ಹಪ್ಪಳದ ಹಾಗೆ. ಹೊರಗಡೆ ಪೇಂಟ್ ಹೊಸದರ ಹಾಗೇ ಇತ್ತು. ಆದ್ದರಿಂದ ಮುಚ್ಚೋ ಪ್ಲೇಟ್‌ನ ಕೆಳ ಅಂಚಿನ ಹತ್ರ, ಅತಿ ತಗ್ಗಿನ ಜಾಗದಲ್ಲಿ, 10-12 ಮಿಲಿಮೀಟರ್ ತೂತು ಬಿಡಿ, ಮೇಲ್ಗಡೆ ಇನ್ನೊಂದು ತೂತು ಬಿಡಿ, ಪೈಪ್ ತೂರಿಸಿ ತೊಳೆಯೋಕೆ. ಒಳಗಡೆ ವೆಲ್ಡ್ ಆದ ಮೇಲೆ ಕ್ಯಾವಿಟಿ ವ್ಯಾಕ್ಸ್ ಅನ್ನೋ ತುಕ್ಕು ತಡೆಯೋ ಮೇಣ ಉದ್ದ ನಳಿಗೆಯಲ್ಲಿ ಹೊಡೀಬೇಕು, ಯಾಕಂದ್ರೆ ವೆಲ್ಡ್ ಶಾಖಕ್ಕೆ ಒಳಗಿನ ಪೇಂಟ್ ಸುಟ್ಟು ಹೋಗಿರುತ್ತೆ.

ಹೊರಗಡೆಗೆ ತುಕ್ಕು ಕೆರೆದು, ಉಳಿದ ಕಲೆಗೆ ಫಾಸ್ಫರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್, ಅದು ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಚಾಸಿ ಬ್ಲ್ಯಾಕ್. ಹಳೇ ಎಂಜಿನ್ ಆಯಿಲ್ ಹೊಡೆಯೋದು ನಮ್ಮಲ್ಲಿ ವಾಡಿಕೆ, ತುಕ್ಕು ನಿಧಾನ ಆಗೋದು ನಿಜ, ಆದ್ರೆ ರಬ್ಬರ್ ಬುಶ್ ಉಬ್ಬಿ ಹಾಳಾಗುತ್ತೆ, ಅದಕ್ಕಿಂತ ಮುಖ್ಯ ಮೊದಲ ಮಳೆಗೆ ಆ ಎಣ್ಣೆ ತೊಳೆದು ತೋಡಿಗೆ ಹೋಗುತ್ತೆ, ನಮ್ಮ ತೋಡುಗಳೆಲ್ಲ ಕೊನೆಗೆ ಸೇರೋದು ಕಾವೇರಿಗೋ ಕೆಳಗಿನ ಊರವರ ಕುಡಿಯೋ ನೀರಿಗೋ. ನಾನು ಅದನ್ನ ಬಿಟ್ಟಿದೀನಿ.

ಚಾಸಿ ನಂಬರ್ ಪಂಚ್ ಆಗಿರೋ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಅದರ ಮೇಲೆ ಪ್ಲೇಟ್ ಮುಚ್ಚಬೇಡಿ. ಅದು ಅಳಿಸಿದ್ರೆ ಆ ಕೆಎ 12 ಬೋರ್ಡಿನ ಗಾಡಿ ನಿಮ್ಮದು ಅಂತ ತೋರಿಸೋಕೆ ಕಷ್ಟ, ಫಿಟ್‌ನೆಸ್ ಸರ್ಟಿಫಿಕೇಟ್ ಅಂದ್ರೆ ಎಫ್‌ಸಿಗೆ ಹೋದಾಗ ಅಲ್ಲೇ ನಿಲ್ಲುತ್ತೆ. ಪೂರ್ತಿ ಚಾಸಿ ಬದಲಾಯಿಸೋದಾದ್ರೆ ಆರ್‌ಟಿಓ ಅನುಮತಿ ಮೊದಲು ತಗೊಳ್ಳಿ, 1988ರ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇರೋದೇ ಇಂಥ ಬದಲಾವಣೆಗಳಿಗೆ. ಮತ್ತೆ ದೊಡ್ಡ ಲಾರಿ ಇಟ್ಟುಕೊಂಡಿರೋರು ಇಲ್ಲಿದ್ದೀರಿ, ಹೊಸ ಲಾರಿಗಳಲ್ಲಿ ಹೈ ಟೆನ್ಸೈಲ್ ಉಕ್ಕು ಇರುತ್ತೆ, ಕಂಪನಿ ಮ್ಯಾನ್ಯುಯಲ್ ನೋಡದೆ ಅದಕ್ಕೆ ವೆಲ್ಡಿಂಗ್ ಹಚ್ಚಬೇಡಿ, ನಾನು ಹೇಳಿದ್ದು ಹಳೇ ಜೀಪ್, ಹಳೇ ಪಿಕಪ್‌ಗಳ ಮೆದು ಉಕ್ಕಿಗೆ.

ಹಳೇ ಚಾಸಿ ರಿಪೇರಿ ಆಸೆ ಯಾವಾಗ ಬಿಡಬೇಕು ಅಂತ ವಿರಾಮದಲ್ಲಿ ಒಬ್ಬರು ಕೇಳಿದ್ರು. ಒಂದೆರಡು ಕಡೆ ಕೊಳೆತಿದ್ರೆ ಆ ತುಂಡು ಕುಯ್ದು ಹೊಸದು ಸೇರಿಸಬಹುದು. ಶಾಕಲ್ ಬ್ರಾಕೆಟ್ ಹತ್ರವೂ ಕೊಳೆತು, ನಡುವೆಯೂ ಸ್ಕ್ರೂ ಡ್ರೈವರ್ ಇಳಿದು, ಮೂಲೆ ಅಳತೆಯೂ ತಪ್ಪಿದ್ರೆ ದುಡ್ಡು ಸುರೀಬೇಡಿ, ಗಾಡಿ ಅಪ್ಪ ಓಡಿಸ್ತಿದ್ದದ್ದು ಅಂದ್ರೂ ಸರಿ. ಬೇರೆ ಚಾಸಿ ಹುಡುಕಿ, ಆರ್‌ಟಿಓಗೆ ಹೋಗಿ. ಗಟ್ಟಿ ಚಾಸಿ ಬೇಕು ಅಂದ್ರೆ ಕುಶಾಲನಗರದಿಂದ ಆಚೆ, ಮೈಸೂರು ಕಡೆ ಓಡಿದ ಗಾಡಿದು ನೋಡಿ, ಮಳೆ ಕಡಿಮೆ ಇರೋ ಕಡೆಯದು ಒಳಗೆ ಉಳಿದಿರುತ್ತೆ.

ಕೆಲಸ ಮುಗಿದ ಮೇಲೆ ವೆಲ್ಡ್ ಪಕ್ಕದಲ್ಲಿ ಮಾತ್ರ ತಿಳಿ ಬಣ್ಣದ ಪೇಂಟ್ ಹೊಡೀರಿ, ಅಲ್ಲಿ ಕಪ್ಪು ಬೇಡ, ಬಿಳಿ ಮೇಲೆ ಹೊಸ ಬಿರುಕಿನ ತುಕ್ಕು ಗೆರೆ ತಕ್ಷಣ ಕಾಣುತ್ತೆ. 100 ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್‌ಗಳನ್ನ ಮತ್ತೆ ಬಿಗಿ ಮಾಡಿ, ಮಳೆಗಾಲ ಮುಗಿದ ಮೇಲೆ ಮತ್ತೆ ಸುತ್ತಿಗೆ ತಗೊಳ್ಳಿ. ಹೊರಗಡೆ ನನ್ನ ಜೀಪ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೀನಿ, ಹರಿದ ಜಾಗ, ಹೊಸ ಪ್ಲೇಟ್, ನೀರಿನ ತೂತು ಎಲ್ಲ ಕಾಣೋ ಹಾಗೆ ಚಕ್ರ ಬಿಚ್ಚಿದೀನಿ. ಆ 6 ಮಿಲಿಮೀಟರ್ ಪ್ಲೇಟನ್ನೂ ತಂದಿದೀನಿ. ಟಾರ್ಚ್ ಇರೋರು ಮೊದಲು ಬನ್ನಿ, ಇಬ್ಬಿಬ್ಬರು ಅಡಿಗೆ ಹೋಗಬಹುದು.